ಬೆವರುವವರಿಗೆ ಮಟ್ಟೆಯ ಹಾಸಿಗೆ

ತಿಪಟೂರಿನ ಉಂಡೆ ಕೊಬ್ಬರಿಗೆ ಹೆಸರಿದೆ, ಮಾರುಕಟ್ಟೆಯಿದೆ, ಬೆಲೆ ಕುಸಿದರೆ ಬೀದಿಗಿಳಿಯುವ ರೈತರಿದ್ದಾರೆ. ಆ ಕೊಬ್ಬರಿಯನ್ನು ಕಾಪಾಡಿದ ಮಟ್ಟೆಯ ಪರ ಮಾತಾಡುವವರು ಕಡಿಮೆ. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯೂ ಬಲಿತ ಕಾಯಿಯನ್ನು ಸುಲಿಯದೆ ಅಟ್ಟಕ್ಕೇರಿಸುತ್ತಾರೆ. ತಿಂಗಳುಗಟ್ಟಲೆ ಅಲ್ಲಿದ್ದು, ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಎಂದ ಮೇಲೆಯೇ ಸುಲಿತ. ಮಟ್ಟೆ ಹಿಂದೆ ನೀರೊಲೆಯ ಪಾಲು. ಈಗ ನಾರಿನ ಫ್ಯಾಕ್ಟರಿಗೂ ಹೋಗುತ್ತದೆ. ಸೆಕೆಗೆ ನಿದ್ದೆ ಬಾರದೆ ಹೊರಳಾಡುವವರು ಹುಡುಕಬೇಕಾದದ್ದು ಈ ನಾರಿನ ಹಾಸಿಗೆಯನ್ನೇ.

ಮಟ್ಟೆಯನ್ನು ನೆನೆಸಿ ಯಂತ್ರಕ್ಕೆ ಕೊಟ್ಟರೆ ನಾರು ಒಂದು ಕಡೆ, ಪುಡಿ ಒಂದು ಕಡೆ. ಒಣಗಿದ ನಾರನ್ನು ಬಿಗಿಯಾಗಿ ಹಗ್ಗ ಹೊಸೆದು, ಕೆಲಕಾಲ ಹಾಗೇ ಇಟ್ಟು, ಮತ್ತೆ ಬಿಚ್ಚುತ್ತಾರೆ. ಹೊಸೆದದ್ದನ್ನೇ ಬಿಚ್ಚುವುದು ವ್ಯರ್ಥ ಕೆಲಸದಂತೆ ಕಾಣಬಹುದು. ಆದರೆ ನೆಟ್ಟಗಿದ್ದ ಎಳೆ ಗುಂಗುರಾಗುವುದು ಅಲ್ಲಿಯೇ. ಆ ಗುಂಗುರಿಗೆ ರಬ್ಬರ್ ಹಾಲು ಸಿಂಪಡಿಸಿ, ಒತ್ತಿ, ಬಿಸಿಯಲ್ಲಿ ಹದಗೊಳಿಸಿದರೆ ಸ್ಪ್ರಿಂಗಿನಂತೆ ಪುಟಿಯುವ ಹಾಳೆ ಸಿದ್ಧ. ಎಳೆಗಳ ನಡುವೆಲ್ಲ ಗಾಳಿ. ಮೈಯ ಬಿಸಿ, ಬೆವರಿನ ತೇವ ಅಲ್ಲಿಂದ ಕೆಳಗೂ ಪಕ್ಕಕ್ಕೂ ಹಾದುಹೋಗುತ್ತವೆ. ಮೆಮೊರಿ ಫೋಮ್ ಇದಕ್ಕೆ ತದ್ವಿರುದ್ಧ: ಮೈಬಿಸಿಗೆ ಮೆತ್ತಗಾಗಿ ನಮ್ಮನ್ನು ಒಳಗೆಳೆದುಕೊಳ್ಳುತ್ತದೆ, ಬಿಸಿಯನ್ನೂ ಸುತ್ತಲೇ ಹಿಡಿದಿಡುತ್ತದೆ. ಮೇಲೆ ಹಚ್ಚಿದ ‘ಕೂಲ್ ಜೆಲ್’ ಮಲಗಿದ ಕೂಡಲೇ ತಣ್ಣಗೆನಿಸುತ್ತದೆ, ಅಷ್ಟೆ. ಸ್ವಲ್ಪ ಹೊತ್ತಿಗೆ ಅದೂ ನಮ್ಮಷ್ಟೇ ಬಿಸಿ.

ನಾರಿನ ಹಾಸಿಗೆಯನ್ನು ಮನೆಮಾತಾಗಿಸಿದ ಕರ್ಲಾನ್ ಕನ್ನಡನಾಡಿನದೇ. ಮಣಿಪಾಲದ ಪೈ ಮನೆತನದವರು 1962ರಲ್ಲಿ ಕರ್ನಾಟಕ ಕನ್ಸ್ಯೂಮರ್ ಪ್ರಾಡಕ್ಟ್ಸ್ ಎಂಬ ಹೆಸರಿನಲ್ಲಿ ಆರಂಭಿಸಿದ ಕಂಪನಿಯದು. 2023ರಲ್ಲಿ ಅದನ್ನು ಕೊಂಡದ್ದು ಸ್ಲೀಪ್‌ವೆಲ್ ಫೋಮ್ ಹಾಸಿಗೆ ತಯಾರಿಸುವ ಶೀಲಾ ಫೋಮ್. ಗಾದಿಯ ವ್ಯಾಪಾರ ಯಾವ ಕಡೆ ವಾಲಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ವಾಲಿಕೆ ಹಾಸಿಗೆಯ ಒಳಗೂ ಇದೆ. ಕಾಯರ್ ಎಂದು ಮಾರುವ ಗಾದಿಯಲ್ಲಿ ನಾರಿನ ಮೇಲೆ ಎರಡು ಬೆರಳು ದಪ್ಪದ ಫೋಮ್, ಅದರ ಮೇಲೆ ಪಾಲಿಯೆಸ್ಟರ್ ಹೊದಿಕೆ ಇದ್ದರೆ ಕೆಳಗಿನ ನಾರು ಇದ್ದೂ ಇಲ್ಲದಂತೆ. ಗಾಳಿ ಬೇಕಾದದ್ದು ಮೈಗೆ ತಾಗುವ ಕಡೆ. ಮೇಲಿನ ಪದರ ತೆಳುವಾಗಿರಲಿ, ಬಟ್ಟೆ ಹತ್ತಿಯದಿರಲಿ. ಮಗುವಿರುವ ಮನೆಯವರು ಹಾಸುವ ಪ್ಲಾಸ್ಟಿಕ್ ಹಾಳೆಯೂ ಗಾಳಿಗೆ ಅಡ್ಡವೇ. ಮಂಚದ ಹಲಗೆ ಇಡೀ ಮುಚ್ಚಿದ್ದರೆ ತೇವ ಹೋಗಲು ದಾರಿಯಿಲ್ಲ. ಪಟ್ಟಿಗಳ ನಡುವೆ ಸಂದು ಇರುವ ಮಂಚ ಒಳ್ಳೆಯದು. ವಾರಕ್ಕೊಮ್ಮೆ ಹಾಸಿಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿದರೆ ಇನ್ನೂ ಒಳ್ಳೆಯದು.

ಎಲ್ಲರಿಗೂ ಇದು ಒಗ್ಗುವುದಿಲ್ಲ ನಿಜ. ನಾರು ಗಟ್ಟಿ, ಮಗ್ಗುಲಲ್ಲೇ ಮಲಗುವ ತೆಳು ಮೈಯವರಿಗೆ ಭುಜ, ಸೊಂಟ ನೋಯಬಹುದು. ವರ್ಷಗಳು ಕಳೆದಂತೆ ಮಲಗುವ ಜಾಗ ತಗ್ಗಾಗುತ್ತದೆ, ಆಗಾಗ ಮಗುಚಿ ಹಾಕಬೇಕು. ಹಗಲೆಲ್ಲ ಕಾದ ಆರ್‌ಸಿಸಿ ತಾರಸಿ ರಾತ್ರಿ ಬಿಸಿ ಉಗುಳುತ್ತಿದ್ದರೆ ಯಾವ ಹಾಸಿಗೆಯೂ ಪವಾಡ ಮಾಡದು. ಅದಕ್ಕೆ ಕಿಟಕಿ, ಫ್ಯಾನೇ ಗತಿ.

ಅಂಗಡಿಗೆ ಹೋದಾಗ ಹೊದಿಕೆಯ ಜಿಪ್ ತೆಗೆಸಿ ಒಳಗೇನಿದೆ ನೋಡಿ, ನಾರೆಷ್ಟು ಫೋಮೆಷ್ಟು ಕೇಳಿ. ಹೇಳಲು ತಡವರಿಸಿದರೆ ಪಕ್ಕದ ಅಂಗಡಿಗೆ ನಡೆಯಿರಿ.