ನಡುವಯಸ್ಸಿನಲ್ಲಿ ಮರಳಿ ಹಿಡಿದ ಕುಂಚ

ಚಿತ್ರಕಲೆಯು ಎಳೆಯ ವಯಸ್ಸಿನಲ್ಲಿ ಕೈಗೆ ಹತ್ತದಿದ್ದರೆ ಮುಂದೆ ಹತ್ತಲಾರದೆಂದು ಹೇಳುವವರುಂಟು. ಈ ಮಾತು ಎಷ್ಟರ ಮಟ್ಟಿಗೆ ನಿಜವೆಂಬದನ್ನು ಇಬ್ಬರ ಜೀವಿತದಿಂದ ವಿಚಾರಿಸಿ ನೋಡೋಣ.

ವಿಕ್ಟೋರಿಯಾ ರಾಣಿಯವರ ಕಾಲದಲ್ಲಿ ಲಂಡನ್ನಿನಲ್ಲಿ ಥಾಮಸ್ ಹೋಪ್ ಮೆಕ್ಲಾಕ್ಲನ್ (1845–1897) ಎಂಬ ಬ್ಯಾರಿಸ್ಟರರಿದ್ದರು. ಅವರು 1878ರಲ್ಲಿ ನ್ಯಾಯಾಲಯವನ್ನು ಬಿಟ್ಟು, ಸಂಜೆಯ ಬಯಲನ್ನೂ ಕಡಲನ್ನೂ ಚಿತ್ರಿಸುವವರಾದರು. ಅವರು ಹೊಸದಾಗಿ ಆರಂಭಿಸಿದವರು. ನಾವು ಮುಖ್ಯವಾಗಿ ಹೇಳಬೇಕೆಂದಿರುವ ಎರಡನೆಯವರಾದರೋ, ಬಿಟ್ಟುದನ್ನು ಮರಳಿ ಹಿಡಿದವರು. ಅವರ ಹೆಸರು ನಮ್ಮ ಸುಂಕದಕಟ್ಟೆಗೆ ಬಹು ದೂರವಲ್ಲದ ರಾಜಾಜಿನಗರದೊಡನೆ ಸೇರಿಕೊಂಡಿದೆ.

ರುಮಾಲೆ ಚೆನ್ನಬಸವಯ್ಯನವರು 1910ರಲ್ಲಿ ದೊಡ್ಡಬಳ್ಳಾಪುರದ ಸೀಮೆಯಲ್ಲಿ ಹುಟ್ಟಿದರು. ಬೆಂಗಳೂರಲ್ಲಿ ಅ. ನ. ಸುಬ್ಬರಾಯರ ಕಲಾಮಂದಿರದಲ್ಲಿಯೂ, ತರುವಾಯ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಶಾಲೆಯಲ್ಲಿಯೂ ಅಭ್ಯಾಸಮಾಡಿದರು. ಅಷ್ಟರಲ್ಲಿ ಸ್ವಾತಂತ್ರ್ಯದ ಕರೆ ಬಂದಿತು. ಕುಂಚವು ಮೂಲೆಗೆ ಸೇರಿತು. ಸೇವಾದಳ, ಸೆರೆಮನೆ, ‘ತಾಯಿನಾಡು’ ಪತ್ರಿಕೆ, ವಿಧಾನ ಪರಿಷತ್ತಿನ ಸದಸ್ಯತ್ವ, ಹೀಗೆ ಇಪ್ಪತ್ತೈದು ವರುಷಗಳಿಗೂ ಮಿಕ್ಕ ಕಾಲವು ದೇಶದ ಕೆಲಸದಲ್ಲಿ ಸಂದಿತು. 1962ರ ಸುಮಾರಿಗೆ, ಐವತ್ತು ದಾಟಿದ ಮೇಲೆ, ಅವರು ರಾಜಕೀಯದಿಂದ ಹಿಂದೆ ಸರಿದು ಬಣ್ಣಗಳ ಕಡೆಗೆ ತಿರುಗಿದರು. (ಮದುವೆಯಾದಂದಿನಿಂದ ಬಣ್ಣದ ಪೆಟ್ಟಿಗೆಯನ್ನು ಅಟ್ಟದ ಮೇಲಿಟ್ಟಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಈ ವರುಷಗಳನ್ನು ಲೆಕ್ಕಹಾಕಿ ನೋಡಲಿ.)

ಅವರು ಆರಿಸಿಕೊಂಡ ಬಗೆಯು ಸುಲಭವಾದದ್ದಲ್ಲ. ಕೋಣೆಯಲ್ಲಿ ಕುಳಿತು ನೆನಪಿನಿಂದ ಬರೆಯದೆ, ಚೌಕಟ್ಟನ್ನು ಹೊತ್ತು ಮರದ ಎದುರಿಗೇ ನಿಂತು ಬರೆಯುವದು ಅವರ ಕ್ರಮ. ಬಯಲಿನಲ್ಲಿ ಬರೆಯುವವನಿಗೆ ಬೆಳಕೇ ಯಜಮಾನನು. ಎರಡು ತಾಸಿನೊಳಗೆ ನೆರಳು ಜಾರಿ ಎಲೆಯ ಬಣ್ಣ ಬೇರೆಯಾಗುತ್ತದೆ. ಕೆಲಸ ಮುಗಿಯದಿದ್ದರೆ ಮರುದಿನ ಅದೇ ಹೊತ್ತಿಗೆ ಅದೇ ಜಾಗಕ್ಕೆ ಬರಬೇಕು. ಹೂವು ಕಾಯುವದಿಲ್ಲ. ಸಭೆಗೋ ಕಚೇರಿಗೋ ಓಡಬೇಕಾದವನಿಗೆ ಇಂಥ ಬೆಳಗುಗಳು ದೊರೆಯುವದಾದರೂ ಹೇಗೆ? ಇಂಥವರು ಉದ್ಯೋಗವನ್ನು ಪೂರಾ ಬಿಡಬೇಕಾದದ್ದು ಬರೀ ಹುಚ್ಚಿನಿಂದಲ್ಲ, ಇದೇ ಕಾರಣದಿಂದಲೆಂದು ನಮಗೆ ತೋರುತ್ತದೆ.

ಮೆಕ್ಲಾಕ್ಲನ್ನರಿಗೆ ಕಡಲು ದೊರೆತ ಹಾಗೆ ರುಮಾಲೆಯವರಿಗೆ ಬೆಂಗಳೂರಿನ ಹೂಮರಗಳು ದೊರೆತವು. ಅವು ತಾವಾಗಿ ಬೆಳೆದವುಗಳಲ್ಲ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ಕ್ರುಂಬಿಗಲ್ಲರು, ಒಂದು ಜಾತಿಯ ಹೂವು ಉದುರುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೀದಿಗಳಲ್ಲಿ ಮರಗಳನ್ನು ನೆಡಿಸುವ ಯೋಜನೆಮಾಡಿದರು. ಹಾಗಾಗಿ ಟಬೂಬಿಯಾ, ಜಕರಾಂಡ, ಗುಲ್‌ಮೊಹರ್‌ಗಳು ಸರದಿಯಾಗಿ ಬರುತ್ತವೆ. ರುಮಾಲೆಯವರು ಇವುಗಳ ಬೆನ್ನುಹತ್ತಿ ಜಲವರ್ಣದಲ್ಲಿಯೂ ತೈಲವರ್ಣದಲ್ಲಿಯೂ ಕಬ್ಬನ್ ಪಾರ್ಕು, ಲಾಲ್‌ಬಾಗುಗಳನ್ನು ಬರೆದರು. ಸೆರೆಮನೆಯನ್ನು ಕಂಡು ಬಂದವರ ಚಿತ್ರಗಳಲ್ಲಿ ಇಷ್ಟೊಂದು ಹೊಳಪೇ ಎಂದು ನೋಡಿದವರು ಬೆರಗಾಗುವದು ಸಹಜ.

ಯೌವನದಲ್ಲಿ ಕಲಿತ ರೇಖೆಯ ಹಿಡಿತವು ಅಷ್ಟು ವರುಷಗಳಲ್ಲಿ ಅವರ ಕೈಬಿಟ್ಟು ಹೋಗಿರಲಿಲ್ಲ. ಪಾಠಶಾಲೆಯ ಚಿತ್ರದ ತರಗತಿಯನ್ನು ಬಿಡುವಿನ ಹೊತ್ತೆಂದು ತಿಳಿಯುವ ತಂದೆತಾಯಿಗಳಿಗೆ ನಾವು ಈ ಸಂಗತಿಯನ್ನು ತಿಳಿಸಬಯಸುತ್ತೇವೆ.

1988ರಲ್ಲಿ ಅವರು ತೀರಿಕೊಂಡರು. ತರುವಾಯ ಅವರ ಹೆಸರಿನ ಚಿತ್ರಶಾಲೆಯೊಂದು ರಾಜಾಜಿನಗರದಲ್ಲಿ ಏರ್ಪಟ್ಟಿತು. ಈ ನಡುವೆ ಹಾದಿಗಳನ್ನು ಅಗಲಿಸುವದಕ್ಕಾಗಿ ಊರಿನ ಎಷ್ಟೋ ಹಳೆಯ ಮರಗಳು ಉರುಳಿವೆ. ಅವರ ಚಿತ್ರಗಳನ್ನು ನೋಡುವ ಅವಕಾಶ ದೊರೆತವರು ಮೊದಲು ಹತ್ತು ಹೆಜ್ಜೆ ದೂರದಲ್ಲಿ ನಿಂತು ನೋಡಬೇಕು. ಸಮೀಪದಲ್ಲಿ ಬಣ್ಣದ ತುಣುಕುಗಳಂತೆ ಕಾಣುವದು ಅಲ್ಲಿಂದ ಮರವಾಗಿ ಕೂಡಿಕೊಳ್ಳುತ್ತದೆ.