ಅಟ್ಲಾಂಟಿಕ್ ತೀರದ ಪಟ್ಟೆಮೀನು ಮತ್ತು ಗಾಳಗಾರರು

ಅಮೆರಿಕದ ಈಶಾನ್ಯ ಕರಾವಳಿಯ ಹವ್ಯಾಸಿ ಗಾಳಗಾರರು ಬಹುವಾಗಿ ಬಯಸುವ ಮೀನು ಸ್ಟ್ರೈಪ್ಡ್ ಬಾಸ್. ಅದರ ಬೆಳ್ಳಿಬಣ್ಣದ ಮೈಮೇಲೆ ಕಿವಿರಿನಿಂದ ಬಾಲದವರೆಗೆ ಏಳೆಂಟು ಕಪ್ಪು ಗೆರೆಗಳಿರುತ್ತವೆ. ಸಮುದ್ರದಲ್ಲಿ ಬೆಳೆದರೂ ಮೊಟ್ಟೆಯಿಡಲು ವಸಂತದಲ್ಲಿ ನದಿಗಳ ಸಿಹಿನೀರಿಗೆ ಏರಿಬರುವುದು ಇದರ ಸ್ವಭಾವ. ಚೆಸಪೀಕ್ ಕೊಲ್ಲಿಯನ್ನು ಸೇರುವ ನದಿಗಳು, ಡೆಲವೇರ್ ಮತ್ತು ಹಡ್ಸನ್ ಇದರ ಮುಖ್ಯ ತವರುಗಳಾಗಿದ್ದು, ಅಲ್ಲಿಂದ ದೊಡ್ಡ ಮೀನುಗಳು ಬೇಸಿಗೆಯಲ್ಲಿ ಉತ್ತರದ ನ್ಯೂ ಇಂಗ್ಲೆಂಡಿನತ್ತ ಸಾಗಿ ಚಳಿಗಾಲಕ್ಕೆ ಮುನ್ನ ದಕ್ಷಿಣಕ್ಕೆ ತಿರುಗುವುದರಿಂದ, ಗಾಳಗಾರರ ಪಂಚಾಂಗವೂ ಈ ವಲಸೆಯನ್ನೇ ಅನುಸರಿಸುತ್ತದೆ.

ಈ ಮೀನನ್ನು ಹಿಡಿಯುವ ವಿದ್ಯೆಯಲ್ಲಿ ಕೋಲು, ದಾರಗಳಿಗಿಂತ ನೀರಿನ ಹರಿವಿನ ತಿಳಿವಳಿಕೆಯೇ ದೊಡ್ಡದು. ಸ್ಟ್ರೈಪ್ಡ್ ಬಾಸ್ ಅನೇಕ ವೇಳೆ ಬಂಡೆಯ ಮರೆಯಲ್ಲೋ ಮರಳದಿಣ್ಣೆಯ ಅಂಚಿನಲ್ಲೋ ಹರಿವಿಗೆ ಎದುರಾಗಿ ನಿಂತು, ನೀರಿನ ಸೆಳೆತ ಹೊತ್ತುತರುವ ಸಣ್ಣ ಮೀನುಗಳಿಗಾಗಿ ಕಾಯುತ್ತದೆ. ಆದ್ದರಿಂದ ಲಾಂಗ್ ಐಲೆಂಡಿನ ಪೂರ್ವ ತುದಿಯ ಮಾಂಟಾಕ್‌ನಲ್ಲಾಗಲಿ, ಮ್ಯಾಸಚೂಸೆಟ್ಸ್‌ನ ಕೇಪ್ ಕಾಡ್ ಕಾಲುವೆಯ ದಂಡೆಯಲ್ಲಾಗಲಿ, ಅನುಭವಿ ಗಾಳಗಾರ ಮೊದಲು ನೋಡುವುದು ಉಬ್ಬರವಿಳಿತದ ವೇಳಾಪಟ್ಟಿಯನ್ನು. ಕರ್ನಾಟಕ ಕರಾವಳಿಯ ಬೂತಾಯಿಯ ಬಂಧುವರ್ಗಕ್ಕೆ ಸೇರಿದ ಮೆನ್ಹೇಡನ್ ಎಂಬ ಎಣ್ಣೆಮೀನು ಇಲ್ಲಿ ಹೆಸರಾದ ಎರೆ. ರಾತ್ರಿಯ ಬೇಟೆಗೆ ಜೀವಂತ ಹಾವುಮೀನನ್ನು ಪೋಣಿಸುತ್ತಾರೆ. ಕೃತಕ ಎರೆಗಳಲ್ಲಿ, ನೀರಿನ ಮೇಲ್ಮೈಯಲ್ಲಿ ಚಿಮ್ಮುತ್ತ ಕಂಗೆಟ್ಟ ಮೀನಿನಂತೆ ತೋರುವ ಮರದ ಪಾಪರ್ ಒಂದು ಬಗೆಯಾದರೆ, ಸೀಸದ ತಲೆಗೆ ಜಿಂಕೆಯ ಬಾಲದ ಕೂದಲು ಕಟ್ಟಿ ತಳದ ಸಮೀಪ ಕುಣಿಸುವ ಬಕ್‌ಟೇಲ್ ಜಿಗ್ ಇನ್ನೊಂದು. ಕತ್ತಲಲ್ಲಿ, ಪಾಚಿಗಟ್ಟಿದ ಬಂಡೆಗಳ ಮೇಲೆ, ಅಡಿಗೆ ಮೊಳೆ ಬಡಿದ ಬೂಟು ತೊಟ್ಟು ಅಲೆಗಳ ನಡುವೆ ನಿಲ್ಲುವ ಈ ಕೆಲಸವನ್ನು ವಿರಾಮದ ಹವ್ಯಾಸವೆಂದು ಕರೆಯುವುದು ತುಸು ಉದಾರವಾದ ಮಾತೇ ಸರಿ.

ಈ ಮೀನಿನ ರಕ್ಷಣೆಯ ಚರಿತ್ರೆಯೂ ಹಳೆಯದು. ಬಾಸ್ ಮೀನನ್ನು ಹೊಲದ ಗೊಬ್ಬರವಾಗಿ ಬಳಸಬಾರದೆಂದು ಮ್ಯಾಸಚೂಸೆಟ್ಸ್ ವಸಾಹತು 1639ರಲ್ಲೇ ಆಜ್ಞೆ ಹೊರಡಿಸಿತ್ತು. ಮಿತಿಮೀರಿದ ಮೀನುಗಾರಿಕೆಯಿಂದ ಸಂತತಿ ಕುಸಿದಾಗ 1984ರಲ್ಲಿ ಸಂಯುಕ್ತ ಸರ್ಕಾರದ ಸಂರಕ್ಷಣಾ ಕಾಯ್ದೆ ಬಂದಿತು. ಮರುವರ್ಷ ಮೇರಿಲ್ಯಾಂಡ್ ರಾಜ್ಯ ಹಿಡಿಯುವುದನ್ನೇ ನಿಷೇಧಿಸಿ, ಆ ನಿಷೇಧವನ್ನು 1990ರವರೆಗೆ ಉಳಿಸಿಕೊಂಡಿತು. 1995ರಲ್ಲಿ ಸಂತತಿ ಚೇತರಿಸಿಕೊಂಡಿತೆಂದು ಘೋಷಿಸಲಾಯಿತಾದರೂ ಮುಂದೆ ಮತ್ತೆ ಇಳಿಮುಖವಾದ್ದರಿಂದ, ಸಹಜ ಎರೆ ಬಳಸುವ ಹವ್ಯಾಸಿಗಳು ಮೊನೆ ಒಳಕ್ಕೆ ಬಾಗಿದ ದುಂಡುಗಾಳವನ್ನೇ ಬಳಸಬೇಕೆಂಬ ನಿಯಮ 2021ರಲ್ಲಿ ಜಾರಿಯಾಯಿತು. ಇಂಥ ಗಾಳ ಹೊಟ್ಟೆಗಿಳಿಯದೆ ಬಾಯಿಯ ಮೂಲೆಗೆ ಸಿಕ್ಕುವುದರಿಂದ, ಬಿಟ್ಟ ಮೀನು ಬದುಕುವ ಸಂಭವ ಹೆಚ್ಚು.

ಬಹಳ ದೊಡ್ಡ ಮೀನುಗಳಲ್ಲಿ ಬಹುಪಾಲು ಹೆಣ್ಣುಗಳೇ ಆಗಿದ್ದು, ಅವು ಲಕ್ಷಗಟ್ಟಲೆ ಮೊಟ್ಟೆಯಿಡುವುದರಿಂದ, ಗಾಳಗಾರನ ಹೆಮ್ಮೆಗೆ ಕಾರಣವಾಗುವ ಮೀನೇ ಸಂತತಿಗೆ ಅತಿ ಬೇಕಾದದ್ದು. ಈ ಕಾರಣಕ್ಕೆ ಸಾಗರ ತೀರದಲ್ಲಿ 28ರಿಂದ 31 ಇಂಚು ಉದ್ದದ ಮೀನನ್ನು ಮಾತ್ರ ಇಟ್ಟುಕೊಳ್ಳಬಹುದೆಂಬ ಮಿತಿ 2023ರಲ್ಲಿ ಬಂದದ್ದು ಸರಿಯಾದ ಕ್ರಮ. 2011ರಲ್ಲಿ ಕನೆಕ್ಟಿಕಟ್ ತೀರದಲ್ಲಿ ಸಿಕ್ಕಿ ವಿಶ್ವದಾಖಲೆ ಬರೆದ 37 ಕಿಲೋ ತೂಕದ ಮೀನಿನಂಥದ್ದು ಈ ನಿಯಮದಡಿ ಸಿಕ್ಕರೆ, ಅದನ್ನು ಮರಳಿ ನೀರಿಗೆ ಬಿಡಲೇಬೇಕು.