ಬರಿಗೈಗೆ ಓಗೊಡುವ ಕಾಂಗಾ

ಹಂಪೆಯ ಮಹಾನವಮಿ ದಿಬ್ಬದ ಶಿಲಾಪಟ್ಟಿಕೆಗಳಲ್ಲಿ,
ನರ್ತಕಿಯರ ಪಕ್ಕದಲ್ಲಿ ನಿಂತು
ಚರ್ಮವಾದ್ಯ ನುಡಿಸುವವರನ್ನು ಕಂಡಿರುವಿರಲ್ಲವೆ?

ಆಫ್ರಿಕದಿಂದ ದಾಸ್ಯಕ್ಕೆ ಒಯ್ಯಲ್ಪಟ್ಟವರ ಸಂತತಿಯಲ್ಲಿ,
ದೂರದ ಕ್ಯೂಬಾದ್ವೀಪದಲ್ಲಿ ರೂಪುಗೊಂಡ ಕಾಂಗಾ ಸಹ ಚರ್ಮವಾದ್ಯವೇ;
ಕೋಲನ್ನು ಬೇಡದೆ ಬರಿಗೈಗೇ ಓಗೊಡುವ ವಾದ್ಯ.

ಹೊಸಪೇಟೆಯಲ್ಲೋ ಸಂಡೂರಿನಲ್ಲೋ ಕುಳಿತು
ಇದನ್ನು ಕಲಿಯಹೊರಟವರು
ಮೊದಲು ಸಾಧಿಸತಕ್ಕುದು ನಾದಶುದ್ಧಿ;
ವೇಗಕ್ಕೆ ಅವಸರವಿಲ್ಲ.

ಅಂಗೈ ಚರ್ಮದ ನಡುವೆ ಬಿದ್ದರೆ
ಗಂಭೀರವಾದ ಮಂದ್ರ;
ಜೋಡಿಸಿದ ಬೆರಳುಗಳು ಅಂಚಿನ ಬಳಿ ತಾಗಿ,
ತಾಗಿದೊಡನೆ ಮೇಲೆದ್ದರೆ ತುಂಬುನಾದ;
ಅಲ್ಲಿಯೇ ಒತ್ತಿ ನಿಂತರೆ,
ಆ ನಾದವು ಹುಟ್ಟಿದಲ್ಲಿಯೇ ಅಡಗುತ್ತದೆ.

ಬಲಪ್ರಯೋಗ ಸಲ್ಲದು.
ಕಂಪ್ಲಿಯ ತಾಯಂದಿರು ಜೋಳದ ರೊಟ್ಟಿ ತಟ್ಟುವಾಗ
ಮಣಿಕಟ್ಟು ಎಷ್ಟು ಸಡಿಲವಾಗಿ,
ಎಷ್ಟು ಸಮಲಯದಲ್ಲಿ ಆಡುವುದೋ,
ಹಾಗೆ ಆಡಲಿ ನಿಮ್ಮ ಕೈ.

ದುರ್ಬಲವಾದ ಎಡಗೈಗೆ ಅಭ್ಯಾಸ ಹೆಚ್ಚಿರಲಿ.
ಉಂಗುರವನ್ನು ಮೊದಲೇ ತೆಗೆದಿಡಿ;
ಅದು ಚರ್ಮವನ್ನೂ ಬೆರಳನ್ನೂ ಗಾಯಗೊಳಿಸೀತು.